ಬಲ ಹೆಗಲಿಗೆ ಬಾಲಿ, ಎಡ ಹೆಗಲಿಗೆ ಮಾರಿಷಸ್

ಆರಿಸುವ ವಿಷಯದಲ್ಲಿ ನಾನು ತಪ್ಪುವವನಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಒಳ್ಳೆಯ ಕಂಠ ಇರುತ್ತದೆ, ಕೆಲವರಿಗೆ ಕೈಗುಣ ಇರುತ್ತದೆ, ನನಗೆ ಆರಿಸುವ ಗುಣ ಇದೆ, ಅಷ್ಟೇ. ಶಹಾಪುರದ ಸಂತೆಯಲ್ಲಿ ಉಳಿದವರು ಒಂದು ಬದನೆಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ, ತೊಟ್ಟು ಒತ್ತಿ, ಮಾರುವವಳ ಮುಖ ನೋಡಿ, ಮತ್ತೆ ಬುಟ್ಟಿಗೇ ಹಾಕುತ್ತಾರೆ. ನಾನು ನಿಂತಲ್ಲಿಂದಲೇ ಒಂದು ನೋಟ ಹಾಯಿಸಿ, ಎರಡು ಕಿಲೋ ತೂಗು ಎನ್ನುತ್ತೇನೆ. ಅದರಲ್ಲಿ ಅರ್ಧ ಹುಳುಕು ಇರುತ್ತದೆ ಎಂದು ಮನೆಗೆ ಬಂದ ಮೇಲೆ ನನ್ನ ಹೆಂಡತಿ ಶಾಂತಮ್ಮ ತೋರಿಸುತ್ತಾಳೆ. ಹುಳುಕು ಬದನೆಕಾಯಿಯ ದೋಷವೇ ಹೊರತು ಆರಿಸಿದವನ ದೋಷವಲ್ಲ ಎಂಬುದು ನನ್ನ ವಾದ. ಮದುವೆಯಾದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಈ ವಾದಕ್ಕೆ ಅವಳು ಒಮ್ಮೆಯೂ ಉತ್ತರ ಕೊಟ್ಟಿಲ್ಲ. ಉತ್ತರ ಕೊಡದವರು ಸೋತ ಹಾಗೆ ಎಂದು ನಾನು ತಿಳಿದುಕೊಂಡಿದ್ದೆ. ಈಚೆಗೆ ಆ ತಿಳಿವಳಿಕೆ ಸ್ವಲ್ಪ ಅಲ್ಲಾಡಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಹಾಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮಾಸ್ತರ. ಪರೀಕ್ಷೆಯ ಕಾಲ ಬಂದರೆ ನನ್ನನ್ನು ಬೇರೆ ಬೇರೆ ಊರಿಗೆ ಮೇಲ್ವಿಚಾರಣೆಗೆ ಕಳಿಸುತ್ತಾರೆ. ಸಾಕ್ಸಿನಲ್ಲಿ ಅಡಗಿಸಿದ ಚೀಟಿಯನ್ನು ಬಾಗಿಲಲ್ಲಿ ನಿಂತೇ ಗುರುತಿಸುವ ಮನುಷ್ಯ ಎಂದು ವಡಗೇರಾದಿಂದ ಸುರಪುರದವರೆಗೆ ನನಗೆ ಹೆಸರಿದೆ. ಆದರೆ ನನ್ನ ನಿಜವಾದ ಕೀರ್ತಿ ಇರುವುದು ಜ್ವಾಲಾಮುಖಿಯ ಪಾಠದಲ್ಲಿ. ಆ ಪಾಠದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತೇನೆ. ಕಪ್ಪು ಹಲಗೆಯ ಮೇಲೆ ಬೆಟ್ಟವನ್ನು ನಡುವೆ ಸೀಳಿ, ಒಳಗೊಂದು ಕೊಳವೆ ಇಟ್ಟು, ಕೆಂಪು ಸೀಮೆಸುಣ್ಣದಿಂದ ಲಾವಾ ಉಕ್ಕಿಸಿದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂಡುತ್ತಾರೆ. ಹೋದ ವರ್ಷ ಹೀಗೆ ಬೆಟ್ಟ ಉಕ್ಕುತ್ತಿರುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ನೀವು ಕಣ್ಣಿಲೆ ನೋಡೀರೇನ್ರಿ ಸರ್?" ಎಂದು ಕೇಳಿದಳು. ಸೂರ್ಯನ ಪಾಠ ಹೇಳುವವರು ಸೂರ್ಯನ ಮೇಲೆ ಹೋಗಿ ಬಂದಿರುತ್ತಾರೇನು ಎಂದು ನಾನು ತಿರುಗಿ ಕೇಳಿದೆ. ತರಗತಿ ನಕ್ಕಿತು. ಆದರೆ ಅವತ್ತು ಮಧ್ಯಾಹ್ನ ನನಗೆ ರೊಟ್ಟಿ ರುಚಿಸಲಿಲ್ಲ.

ಇನ್ನೊಂದು ಕಡೆ ಶಾಂತಮ್ಮನಿಗೆ ನಾನು ಕೊಟ್ಟ ಮಾತಿತ್ತು. ಮದುವೆಯಾದ ಹೊಸತರಲ್ಲಿ, ಹುರುಪಿನ ಭರದಲ್ಲಿ, ನಿನಗೆ ಸಮುದ್ರ ತೋರಿಸುತ್ತೇನೆ ಎಂದಿದ್ದೆ. ಅವಳು ಬಳಿಚಕ್ರದ ಹೊಲಗಳ ನಡುವೆ ಬೆಳೆದವಳು. ಅವಳು ಕಂಡ ನೀರೆಂದರೆ ಭೀಮಾ, ಕೃಷ್ಣಾ ಮತ್ತು ನಳದ ನೀರು. ಕೊಟ್ಟ ಮಾತನ್ನು ನಾನು ಮರೆತಿರಲಿಲ್ಲ. ಅವಳು ಜ್ಞಾಪಿಸುತ್ತಿರಲಿಲ್ಲ, ಅದರಿಂದ ಮರೆತಂತೆ ಕಾಣುತ್ತಿತ್ತು. ಈ ಸಲ ದಸರೆಯ ರಜೆಗೆ ಸಮುದ್ರ ನೋಡೇ ತೀರುವುದು ಎಂದು ನಿರ್ಧಾರ ಮಾಡಿ ಯಾದಗಿರಿಗೆ ಹೋಗಿ ಖಾಜಾ ಭಾಯಿಯ ಅಂಗಡಿಯಲ್ಲಿ ಕೂತೆ. ಖಾಜಾ ಭಾಯಿ ರೈಲಿನಿಂದ ವಿಮಾನದವರೆಗೆ ಎಲ್ಲ ಟಿಕೇಟು ತೆಗೆಸಿಕೊಡುವ ಮನುಷ್ಯ. ಅವನು ಎರಡು ಬಣ್ಣದ ಹಾಳೆಗಳನ್ನು ನನ್ನ ಮುಂದಿಟ್ಟ. ಒಂದು ಬಾಲಿ, ಒಂದು ಮಾರಿಷಸ್. "ಎರಡೂ ಏಕ್ ನಂಬರ್ ಅವ ಮಾಸ್ತರ್ ಸಾಬ್. ಐತವಾರದೊಳಗ ಫೈಸಲಾ ಮಾಡಿ ಹೇಳ್ರಿ, ಆಮ್ಯಾಲ ಸೀಟ್ ಸಿಗಂಗಿಲ್ಲ" ಎಂದ. ಎರಡೂ ದ್ವೀಪಗಳು ಸಮುದ್ರದ ತಳದಿಂದ ಜ್ವಾಲಾಮುಖಿ ಉಕ್ಕಿ ಹುಟ್ಟಿದವು ಎಂದು ನಾನು ಅವನಿಗೆ ತಿಳಿಸಿಕೊಟ್ಟೆ. ಹಾಗೇನಾದರೂ ಆದರೆ ಟಿಕೇಟಿನ ಹಣ ವಾಪಸು ಬರುವುದಿಲ್ಲ ಎಂದು ಅವನು ನನಗೆ ತಿಳಿಸಿಕೊಟ್ಟ.

ನನ್ನ ಫೈಸಲಾ ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಆಗಿಹೋಗಿತ್ತು. ಬಾಲಿಯಲ್ಲಿ ಇನ್ನೂ ಉಸಿರಾಡುವ ಜ್ವಾಲಾಮುಖಿ ಇದೆ. ಬೆಳಗಾಗುವ ಮುಂಚೆ ಹತ್ತಲು ಶುರುಮಾಡಿದರೆ ಸೂರ್ಯ ಹುಟ್ಟುವ ಹೊತ್ತಿಗೆ ತುದಿಯಲ್ಲಿ ನಿಲ್ಲಬಹುದು, ಬಂಡೆಯ ಸಂದಿನಿಂದ ಬರುವ ಹಬೆಗೆ ಕೈ ಕಾಯಿಸಬಹುದು. ಮಾರಿಷಸ್ಸಿನದು ಎಂದೋ ತಣ್ಣಗಾದದ್ದು. ಭೂಗೋಳದ ಮಾಸ್ತರನಾದವನು ಜೀವಂತ ಜ್ವಾಲಾಮುಖಿಯನ್ನು ಬಿಟ್ಟು ಸತ್ತದ್ದನ್ನು ನೋಡಲು ಹೋದರೆ ಊರಿನವರು ಏನೆಂದಾರು? ಆದರೂ ನಾನು ಪ್ರಜಾಪ್ರಭುತ್ವದಲ್ಲಿ ನಂಬಿಕೆ ಇಟ್ಟವನು. ಮನೆಗೆ ಬಂದು ಎರಡೂ ಹಾಳೆಗಳನ್ನು ಶಾಂತಮ್ಮನ ಮುಂದೆ ಹರಡಿ, ಆಯ್ಕೆ ಪೂರ್ತಿ ನಿನ್ನದು ಎಂದೆ. ಅವಳು ಕೈ ಒರೆಸಿಕೊಂಡು, ಒಂದು ಕ್ಷಣವೂ ಯೋಚಿಸದೆ ಮಾರಿಷಸ್ಸಿನ ಹಾಳೆಯ ಮೇಲೆ ಬೆರಳಿಟ್ಟಳು. ಆಯ್ಕೆ ಎಂದರೆ ಯೋಚನೆ ಮಾಡಿ ಮಾಡುವಂಥದ್ದು ಎಂದು ನಾನು ತಿಳಿಹೇಳಬೇಕಾಯಿತು.

ಆ ತಿಳಿಹೇಳುವ ಕೆಲಸ ನಾಲ್ಕು ದಿನ ನಡೆಯಿತು. ಬಾಲಿಯ ಪರವಾಗಿ ನಾನು ಹದಿನೇಳು ಅಂಶಗಳನ್ನು ಮಂಡಿಸಿದೆ. ಅಲ್ಲಿ ಗುಡಿಗಳಿವೆ ಎಂದೆ, ಹೊಲಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ ಎಂದೆ, ಸಮುದ್ರ ಎರಡೂ ಕಡೆ ಒಂದೇ ಉಪ್ಪು ಎಂದೆ. ಒಂದು ಸತ್ತ ಜ್ವಾಲಾಮುಖಿಗೂ ಜೀವಂತ ಜ್ವಾಲಾಮುಖಿಗೂ ಇರುವ ವ್ಯತ್ಯಾಸವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಜೋಳದ ಹಿಟ್ಟಿನಿಂದಲೇ ಮಾಡಿ ತೋರಿಸಿದೆ. ಅವಳು ಆ ಜ್ವಾಲಾಮುಖಿಗೆ ಬಿಸಿನೀರು ಹಾಕಿ, ನಾದಿ, ರೊಟ್ಟಿ ಬಡಿಯುತ್ತ, "ಸತ್ತದ್ದಕ್ಕ ಹೋಗೂಣ್ರಿ. ಜೀವ ಇದ್ದದ್ದು ಮನ್ಯಾಗ ಒಂದು ಅದ" ಎಂದಳು. ಇಷ್ಟೇ ಅವಳ ವಾದ. ಕಾರಣ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಹದಿನೇಳು ಅಂಶ ಇದ್ದವನಿಗೆ ಎದುರಾಳಿಯ ಕಾರಣ ಕಟ್ಟಿಕೊಂಡು ಏನಾಗಬೇಕು?

ಇಲ್ಲಿ ನಮ್ಮ ಹಳೆಯ ಪ್ರವಾಸಗಳ ವಿಚಾರ ಹೇಳಿಬಿಡುತ್ತೇನೆ. ಮದುವೆಯಾದ ಮೇಲೆ ಮೊದಲ ಸಲ ಬಸ್ಸಿನಲ್ಲಿ ಬಳಿಚಕ್ರದಿಂದ ಯಾದಗಿರಿಗೆ ಬರುವಾಗ, ಕಿಟಕಿಯ ಪಕ್ಕ ಕೂತ ಹೊಸ ಹೆಂಡತಿಗೆ ನಾನು ಎರೆ ಮಣ್ಣಿನ ಹುಟ್ಟನ್ನು ವಿವರಿಸಿದ್ದೆ. ದಖ್ಖನಿನ ಕರಿ ಮಣ್ಣೆಲ್ಲ ಒಂದು ಕಾಲದ ಲಾವಾ ಸವೆದು ಆದದ್ದು ಎಂದು ಹೇಳಿ ಮುಗಿಸುವಾಗ ಬಸ್ಸು ಸ್ಟ್ಯಾಂಡಿಗೆ ಬಂದಿತ್ತು, ಅವಳು ಗಾಢವಾಗಿ ನಿದ್ದೆ ಮಾಡಿದ್ದಳು. ದಣಿದಿದ್ದಾಳೆ ಎಂದುಕೊಂಡೆ. ಮುಂದೆ ನಾರಾಯಣಪುರದ ಡ್ಯಾಮಿಗೆ ಹೋದಾಗ ಹೂಳು ಹೇಗೆ ತುಂಬುತ್ತದೆ ಎಂಬುದನ್ನು ಆ ತುದಿಯಿಂದ ಈ ತುದಿಯವರೆಗೆ ನಡೆದು ನೋಡಿದೆ. ಅವಳು ಬುತ್ತಿಯ ಚೀಲ ಹಿಡಿದು ಒಂದು ಬೇವಿನ ಗಿಡದ ಕೆಳಗೆ ಕೂತಿದ್ದಳು. ನನ್ನ ಅಕ್ಕ ನೀಲಮ್ಮನನ್ನು ಕೊಟ್ಟದ್ದು ಸುರಪುರದ ಹತ್ತಿರದ ಬೋನಾಳಕ್ಕೆ. ಅಲ್ಲಿನ ಕೆರೆಗೆ ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಕ್ಕಿಗಳು ಬರುತ್ತವೆ. ಅವು ಬರುವ ದಾರಿಯನ್ನು ನಾನು ಅಲ್ಲಿದ್ದ ನಾಲ್ಕು ಮಂದಿ ಅಪರಿಚಿತರಿಗೆ ವಿವರಿಸುತ್ತಿದ್ದಾಗ ಶಾಂತಮ್ಮ ಚೀಲ ಹಿಡಿದು ಏರಿಯ ಮೇಲೆ ನಿಂತಿದ್ದಳು. ಒಟ್ಟಿನಲ್ಲಿ ನಾವು ಸಾಕಷ್ಟು ತಿರುಗಿದ್ದೇವೆ ಎಂದೇ ನನ್ನ ಲೆಕ್ಕವಾಗಿತ್ತು.

ಇಷ್ಟರಲ್ಲಿ ಓಣಿಗೆ ಸುದ್ದಿ ಮುಟ್ಟಿತು. ನಮ್ಮ ಕಡೆ ಯಾರಾದರೂ ದೂರದ ಊರಿಗೆ ಹೊರಟರೆ ಅಕ್ಕಪಕ್ಕದವರು ಬುತ್ತಿ ಕಟ್ಟಿಕೊಡುವುದು ರೂಢಿ. ಎಲ್ಲಿಗೆ ಎಂದು ನಾವೇ ನಿಶ್ಚಯ ಮಾಡುವ ಮುಂಚೆ ಮನೆಗೆ ಕಡಕ್ ರೊಟ್ಟಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಂದು ಬೀಳತೊಡಗಿದವು. ಬುತ್ತಿ ಬಂದ ಮೇಲೆ ಹೋಗದೆ ಇರುವಂತಿಲ್ಲ. ಎದುರು ಮನೆಯವರು ದಿನಕ್ಕೆರಡು ಸಲ, ಹೊರಟದ್ದು ಯಾವ ದೇಶಕ್ಕೆ ಎಂದು ಕೇಳುತ್ತಿದ್ದರು. ನಾನು ಬಾಲಿ ಎನ್ನುತ್ತಿದ್ದೆ, ಒಳಗಿನಿಂದ ಶಾಂತಮ್ಮ ಮಾರಿಷಸ್ ಎನ್ನುತ್ತಿದ್ದಳು. ಗಂಡ ಹೆಂಡತಿ ಬೇರೆ ಬೇರೆ ಕಡೆ ಹೊರಟಿದ್ದಾರೆ ಎಂಬ ಸುದ್ದಿ ಬೋನಾಳದವರೆಗೆ ಹೋಗಿ, ಶುಕ್ರವಾರ ಅಕ್ಕ ನೀಲಮ್ಮ ಗಾಬರಿಯಿಂದ ಬಂದಿಳಿದಳು. ಎರಡೂ ಕಡೆಯವರ ಹೇಳಿಕೆ ಕೇಳಿ, ನೀರು ಕುಡಿದು, ಅಕ್ಕ ತೀರ್ಪು ಕೊಟ್ಟಳು: "ದೇವರಿಗೆ ಹೂವು ಕೇಳ್ರಿ. ಅಂವ ಹೇಳಿದಲ್ಲಿಗೆ ಹೋಗ್ರಿ."

ಹೂವು ಕೇಳುವುದು ಎಂದರೆ ಹೀಗೆ. ಮನಸ್ಸು ಎರಡಾದಾಗ ಮನೆದೇವರ ಗುಡಿಗೆ ಹೋಗುತ್ತಾರೆ. ಪೂಜೆಯ ಅಯ್ಯನವರು ಎರಡು ಹೂವುಗಳನ್ನು ನೀರಲ್ಲಿ ಅದ್ದಿ ದೇವರ ಎರಡು ಹೆಗಲಿಗೆ ಅಂಟಿಸುತ್ತಾರೆ. ಬಲ ಹೆಗಲು ಒಂದು ಉತ್ತರ, ಎಡ ಹೆಗಲು ಇನ್ನೊಂದು. ಯಾವುದು ಮೊದಲು ಬೀಳುತ್ತದೆಯೋ ಅದು ದೇವರ ಮಾತು. ಆ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ನಾನು ವಿಜ್ಞಾನ ಬಲ್ಲವನು, ಒಪ್ಪಬಾರದಿತ್ತು. ಆದರೆ ಭಾರವಾದ ಹೂವು ಬೇಗ ಬೀಳುತ್ತದೆ ಎಂಬುದೂ ವಿಜ್ಞಾನವೇ ಎಂದು ಹೊಳೆದ ಕೂಡಲೇ ಒಪ್ಪಿಕೊಂಡೆ. ಶನಿವಾರ ಸಂತೆಯಲ್ಲಿ ನಾನೇ ಹೂವು ಆರಿಸಿದೆ. ಬಾಲಿಗೆ ನನ್ನ ಮುಷ್ಟಿಯಷ್ಟು ದೊಡ್ಡ ಚೆಂಡು ಹೂವು, ಮಾರಿಷಸ್ಸಿಗೆ ಬೆರಳ ತುದಿಯಷ್ಟು ಚಿಕ್ಕ ಸೇವಂತಿಗೆ. ಜೀವನದಲ್ಲಿ ಮೊದಲ ಸಲ ಒಂದೊಂದನ್ನೂ ಹಿಂದೆ ಮುಂದೆ ತಿರುಗಿಸಿ, ಅಂಗೈಯಲ್ಲಿ ತೂಗಿ ನೋಡಿ ತೆಗೆದುಕೊಂಡೆ.

ಐತವಾರ ಬೆಳಿಗ್ಗೆ ವಡಗೇರಾ ಕಡೆಯ ನಮ್ಮ ಹಳ್ಳಿಯ ಗುಡಿಗೆ ಮೂವರೂ ಹೋದೆವು. ಅಯ್ಯನವರು ವಯಸ್ಸಾದವರು. ವರ ಹೊಂದುತ್ತಾನೋ ಇಲ್ಲವೋ, ಬೋರು ಹಾಕಿಸುವುದು ಮೂಡಣಕ್ಕೋ ಪಡುವಣಕ್ಕೋ ಎಂಬ ಪ್ರಶ್ನೆಗಳನ್ನು ಕೇಳಿ ರೂಢಿಯಾದವರು. ನಮ್ಮ ಪ್ರಶ್ನೆ ಕೇಳಿ, "ಇವೆರಡೂ ಯಾವ ತಾಲೂಕಿಗೆ ಬರ್ತಾವ್ರಿ ಮಾಸ್ತರ?" ಎಂದರು. ಒಂದು ನಮ್ಮ ಬಂಗಾಳ ಕೊಲ್ಲಿಯ ಆಚೆ, ಇನ್ನೊಂದು ಅರಬ್ಬೀ ಸಮುದ್ರದ ಕೆಳಗೆ ಎಂದು ನಾನು ಗಾಳಿಯಲ್ಲಿ ನಕಾಶೆ ಬರೆದು ತೋರಿಸಿದೆ. ಹಾಗಾದರೆ ಬಲಕ್ಕೊಂದು ಎಡಕ್ಕೊಂದು ಬರೋಬ್ಬರಿ ಆಯಿತು ಎಂದು ಅವರು ಸಮಾಧಾನಪಟ್ಟು ನನ್ನ ಕೈಯಿಂದ ಹೂವು ಇಸಿದುಕೊಂಡರು. ಬಲಕ್ಕೆ ಚೆಂಡು ಹೂವು ಎಂದು ನಾನು ಗಟ್ಟಿಯಾಗಿ ಹೇಳಿದೆ.

ಚೆಂಡು ಹೂವು ಹಚ್ಚಿ ಅಯ್ಯನವರು ಕೈ ತೆಗೆಯುವ ಮುಂಚೆಯೇ ಅದು ಕೆಳಗೆ ಬಿತ್ತು. ಬಾಲಿ ಎಂದೆ ನಾನು. ಪ್ರಶ್ನೆ ಕೇಳುವ ಮುಂಚೆ ಬಂದದ್ದು ಉತ್ತರ ಅಲ್ಲ ಎಂದು ಅಯ್ಯನವರು ಅದನ್ನು ಎತ್ತಿಕೊಂಡರು. ಪರೀಕ್ಷೆಯ ಕೋಣೆಯಲ್ಲಿ ನಾನೂ ಎಷ್ಟೋ ಸಲ ಹೀಗೆ ಹೇಳಿದ್ದರಿಂದ ಎದುರಾಡಲು ಆಗಲಿಲ್ಲ. ಆಗ ಶಾಂತಮ್ಮ ಮುಂದೆ ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ತಲೆಯಾಡಿಸಿ ಒಳಗೆ ಹೋಗಿ ಸ್ವಲ್ಪ ತಡೆದು ಬಂದರು. ಈ ಸಲ ಎರಡೂ ಹೂವುಗಳು ಹೆಗಲ ಮೇಲೆ ಭದ್ರವಾಗಿ ಕೂತವು. ಅಯ್ಯನವರು ಪ್ರಶ್ನೆಯನ್ನು ದೇವರಿಗೆ ಒಪ್ಪಿಸಿ, ಗಂಟೆ ಬಾರಿಸಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾವು ಕಂಬಳಿಯ ಮೇಲೆ ಕೂತೆವು. ಉತ್ತರ ಬರುವವರೆಗೆ ಯಾರೂ ಏಳುವಂತಿಲ್ಲ.

ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ನನ್ನ ವಿಜ್ಞಾನ ಹೆಗಲು ಬಿಟ್ಟು ಕದಲಲಿಲ್ಲ. ಅಕ್ಕ ತೂಕಡಿಸಿದಳು. ಹೊತ್ತು ಹೋಗದೆ, ಬೇರೆ ಮಾಡಲು ಏನೂ ಕೆಲಸವಿಲ್ಲದೆ, ನಾನು ಶಾಂತಮ್ಮನ ಕಡೆ ವಾಲಿ, ನಿನಗೆ ಮಾರಿಷಸ್ಸೇ ಯಾಕೆ ಬೇಕು ಎಂದು ಮೆಲ್ಲಗೆ ಕೇಳಿದೆ. ಅವಳು ದೇವರ ಕಡೆಯೇ ನೋಡುತ್ತ, ಸಿಟ್ಟಿಲ್ಲದೆ ಹೇಳಿದಳು:

"ಬಾಲಿಗೆ ಹೋದ್ರ ನೀವು ನಸುಕಿನ್ಯಾಗ ಎದ್ದು ಗುಡ್ಡ ಹತ್ತತೀರಿ. ನಾ ಕೆಳಗ ಚೀಲ ಹಿಡಕೊಂಡು ಕೂಡ್ತೀನಿ. ಡ್ಯಾಮಿಗೆ ಹೋದಾಗೂ ಹಿಡಕೊಂಡೀನಿ, ಬೋನಾಳಕ್ಕ ಹೋದಾಗೂ ಹಿಡಕೊಂಡೀನಿ. ಬೆಂಕಿ ಆರಿದ ಊರಾಗ ನಿಮಗ ನೋಡೂದೂ ಇರಂಗಿಲ್ಲ, ಹೇಳೂದೂ ಇರಂಗಿಲ್ಲ. ಸುಮ್ಮನ ನನ್ನ ಮಗ್ಗಲಿಗೆ ಕೂತು ಸಮುದ್ರ ನೋಡ್ತೀರಿ ಅಂತ ಮಾಡಿದ್ದೆ."

ಹದಿನೇಳು ಅಂಶಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬೇವಿನ ಗಿಡ ನೆನಪಾಯಿತು, ಕೆರೆಯ ಏರಿ ನೆನಪಾಯಿತು, ಬಸ್ಸಿನ ಕಿಟಕಿಗೆ ತಲೆ ಆನಿಸಿ ಮಲಗಿದ ಹೊಸ ಮದುಮಗಳು ನೆನಪಾದಳು. ನಾನು ಅವಳನ್ನು ಇಪ್ಪತ್ತೊಂಬತ್ತು ವರ್ಷ ಕರೆದುಕೊಂಡು ಹೋಗಿದ್ದೆ, ಜೊತೆಗೆ ಹೋಗಿರಲಿಲ್ಲ. ನನಗೆ ನಾಚಿಕೆಯಾಯಿತು, ಮುಚ್ಚಿಡುವುದೇಕೆ? ಕೈ ಮುಗಿದು, ಅಪ್ಪಾ ದೇವರೇ, ಎಡ ಹೆಗಲಿನದು ಬೀಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡುವುದರ ಜೊತೆಗೆ ಕೆಮ್ಮು ಬಂದವನಂತೆ ಸೇವಂತಿಗೆಯ ಕಡೆ ಮುಖ ಮಾಡಿ ಎರಡು ಸಲ ಜೋರಾಗಿ ಕೆಮ್ಮಿದೆ. ಮೂರನೆಯ ಕೆಮ್ಮಿಗೆ ತುಪ್ ಎಂದು ಚೆಂಡು ಹೂವು ಬಿತ್ತು. ಆರಿಸಿ ತಂದ ಮಾಲು, ಬೇಕಾದಾಗ ನಿಂತು ಬೇಡವಾದಾಗ ಕೆಲಸ ಮಾಡಿತು.

ಅಯ್ಯನವರು ಕಣ್ಣು ತೆರೆದು, ಬಲಕ್ಕೆ ಆಯಿತು, ಬಾಲಿ ಎಂದರು. ಅಕ್ಕ ಎಚ್ಚರಾಗಿ ಕೈ ಮುಗಿದಳು. ಶಾಂತಮ್ಮನೂ ಕೈ ಮುಗಿದು, ಸೆರಗು ಸರಿಮಾಡಿಕೊಂಡು, ದೇವರ ಮಾತು ಮುಗಿಯಿತು ನಡೆಯಿರಿ ಎಂದು ಎದ್ದಳು. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಬೇಸರವಿದ್ದಿದ್ದರೆ ನಾನು ಹೇಗೋ ತಾಳಿಕೊಳ್ಳುತ್ತಿದ್ದೆ. ಅವಳು ಕೆಳಗಿಟ್ಟಿದ್ದ ಚೀಲಕ್ಕೆ ಕೈ ಹಾಕಿದ್ದನ್ನು ನೋಡಿದೆ, ಅಷ್ಟೇ, ನನ್ನ ಬಾಯಿಂದ ಮಾತು ಹೊರಗೆ ಬಂದುಬಿಟ್ಟಿತು.

"ಅಯ್ಯನವರ, ತಪ್ಪಾಗ್ಯಾದ. ಬಾಲಿದು ಬಿದ್ದು ಬಿಡಲಿ ಅಂತ ನಾನೇ ದೊಡ್ಡ ಹೂವು ಆರಿಸಿ ತಂದಿದ್ದೆ."

ಅಯ್ಯನವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ಮೊಮ್ಮಗನನ್ನು ಹಿಂದೊಮ್ಮೆ ನಾನೇ ಪರೀಕ್ಷೆಯಲ್ಲಿ ಚೀಟಿಯ ಸಮೇತ ಹಿಡಿದಿದ್ದೆ ಎಂಬುದು ಆಗ ನನಗೆ ನೆನಪಾಯಿತು, ಅವರು ಅದನ್ನು ಎಂದೂ ಮರೆತಿರಲಿಲ್ಲ. "ದೇವರ ಮುಂದ ಕಾಪಿ ಹೊಡದ್ರೇನು ಮಾಸ್ತರ?" ಎಂದರು, ಸಾವಕಾಶವಾಗಿ, ಒಂದೊಂದೇ ಶಬ್ದದ ರುಚಿ ನೋಡುತ್ತ. ಆಮೇಲೆ ನಾನು ಕೋಣೆಯಲ್ಲಿ ನಿಂತು ಹೇಳುವ ಧಾಟಿಯಲ್ಲೇ, ಈ ಪರೀಕ್ಷೆ ರದ್ದು, ಕಾಪಿ ಹೊಡೆದವರಿಗೆ ಮತ್ತೆ ಕೂಡುವ ಹಕ್ಕಿಲ್ಲ, ಇನ್ನು ಆ ತಾಯಿ ಎಲ್ಲಿಗೆ ಎನ್ನುತ್ತಾಳೋ ಅಲ್ಲಿಗೇ ಹೋಗಬೇಕು ಎಂದು ಆಜ್ಞೆ ಮಾಡಿದರು. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

ಶಾಂತಮ್ಮನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಬಸ್ಸಿಗೆ ಕಾಯುವಾಗ ಹೇಳಿದಳು, ಸಂತೆಯಲ್ಲಿ ನಾನು ಹೂವು ತೂಗಿ ನೋಡುವಾಗ ಅವಳು ಎರಡು ಅಂಗಡಿ ಹಿಂದೆಯೇ ನಿಂತಿದ್ದಳಂತೆ. ಬದನೆಕಾಯಿಯನ್ನು ಎಂದೂ ಮುಟ್ಟಿ ನೋಡದವರು ಹೂವನ್ನು ತೂಗುತ್ತಿದ್ದಾರೆ ಎಂದರೆ ಏನೋ ಇದೆ ಎಂದು ಅವಳಿಗೆ ಗೊತ್ತಾಯಿತಂತೆ. ಹಾಗಾದರೆ ಅಯ್ಯನವರ ಕಿವಿಯಲ್ಲಿ ಹೇಳಿದ್ದೇನು ಎಂದು ಕೇಳಿದೆ. ಹೂವಿನ ಹಿಂದೆ ದಪ್ಪಗೆ ಗಂಧ ತೇಯ್ದು ಹಚ್ಚಿರಿ ಎಂದಿದ್ದಳಂತೆ. ಅದೂ ಕಾಪಿಯೇ ಅಲ್ಲವೇ ಎಂದು ನಾನು ಸ್ವಲ್ಪ ಹುರುಪಿನಿಂದಲೇ ಕೇಳಿದೆ, ನೀನೂ ಗೆಲ್ಲಬೇಕೆಂದೇ ಹಾಗೆ ಮಾಡಿದೆಯಲ್ಲ ಎಂದೆ.

"ಗೆಲ್ಲಲಿಕ್ಕಲ್ರಿ" ಎಂದಳು. "ಯಾಕ ಅಂತ ನೀವು ಒಂದು ಮಾತು ಕೇಳೂ ತನಕರ ಅದು ನಿಂದ್ರಲಿ ಅಂತ."

ಬಸ್ಸು ಬಂತು. ನಾನೇ ಹೋಗಿ ಕಿಟಕಿಯ ಸೀಟು ಹಿಡಿದು ಅವಳನ್ನು ಕೂಡಿಸಿದೆ. ವಡಗೇರಾದಿಂದ ಶಹಾಪುರದವರೆಗೆ ಎರಡೂ ಕಡೆ ಹೊಲಗಳಿದ್ದವು, ನಾನು ಮಣ್ಣಿನ ವಿಷಯ ಎತ್ತಲಿಲ್ಲ. ಊರು ಮುಟ್ಟಿದೊಡನೆ ಖಾಜಾ ಭಾಯಿಗೆ ಫೋನು ಮಾಡಿ ಮಾರಿಷಸ್ ಎಂದೆ. ಮಾರಿಷಸ್ಸೇ ಯಾಕೆ ಎಂದು ಅವನು ಕೇಳಿದ. ದೇವರ ಅಪ್ಪಣೆ ಎಂದೆ.

ಹೋದೆವು. ಯಾದಗಿರಿಯಿಂದ ಮುಂಬಯಿಗೆ ರೈಲು, ಅಲ್ಲಿಂದ ವಿಮಾನ, ಜೊತೆಗೆ ಎಂಟು ಮನೆಗಳ ಕಡಕ್ ರೊಟ್ಟಿ. ಶಾಂತಮ್ಮ ಮೊದಲ ದಿನ ಸಮುದ್ರದ ಅಂಚಿಗೆ ಬಂದು, ಚಪ್ಪಲಿ ಬಿಟ್ಟು, ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಮ್ಮ ಕೃಷ್ಣಾ ಹೊಳೆ ಇಲ್ಲಿಗೇ ಬಂದು ಸೇರುತ್ತದೇನು ಎಂದು ಕೇಳಿದಳು. ಕೃಷ್ಣಾ ಸೇರುವುದು ಬಂಗಾಳ ಕೊಲ್ಲಿಯನ್ನು, ಅದಕ್ಕೂ ಇದಕ್ಕೂ ಎಷ್ಟು ದೂರ ಎಂಬುದೆಲ್ಲ ನನ್ನ ಗಂಟಲಿನವರೆಗೆ ಬಂತು. ನುಂಗಿಕೊಂಡು ಹೌದು ಎಂದೆ. ನನ್ನ ವೃತ್ತಿಜೀವನದಲ್ಲಿ ತಿಳಿದೂ ತಿಳಿದೂ ಹೇಳಿದ ತಪ್ಪು ಉತ್ತರ ಅದೊಂದೇ. ನಾಲ್ಕು ದಿನ ಅವಳ ಮಗ್ಗುಲಲ್ಲಿ ಕೂತು ಸಮುದ್ರ ನೋಡಿದೆ. ಕಾಲ ಕೆಳಗೆ ಕರಿ ಕಲ್ಲುಗಳು ಬಿದ್ದಿದ್ದವು. ಅವು ಎಂಥ ಕಲ್ಲುಗಳು ಎಂದು ನನಗೆ ಗೊತ್ತಿತ್ತು, ಸಮುದ್ರಕ್ಕೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಾಗಲು ನಾನು ಬಿಡಲಿಲ್ಲ.

ಐದನೆಯ ದಿನ ಪ್ರವಾಸದ ಬಸ್ಸಿನವರು ನಮ್ಮನ್ನು ಬೆಟ್ಟದ ಮೇಲಿನ ಒಂದು ಕೆರೆಗೆ ಕರೆದುಕೊಂಡು ಹೋದರು. ದಂಡೆಯಲ್ಲಿ ಶಿವನ ಗುಡಿ ಇತ್ತು, ಶಾಂತಮ್ಮ ವಿಭೂತಿ ಹಚ್ಚಿಕೊಂಡು ಪ್ರಸನ್ನಳಾಗಿ ಹೊರಗೆ ಬಂದಳು. ಸುತ್ತಲೂ ಏರಿದ ಗುಡ್ಡ, ನಡುವೆ ತಟ್ಟೆಯಂಥ ನೀರು. ನೋಡಿದೊಡನೆ ನನಗೆ ತಿಳಿಯಿತು, ನಾವು ನಿಂತದ್ದು ಆರಿಹೋದ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ. ಆದರೂ ತುಟಿ ಬಿಗಿಹಿಡಿದು ನಿಂತೆ. ಆಗ ನನ್ನ ಮುಖ ನೋಡಿ ಅವಳಿಗೇ ಕನಿಕರ ಹುಟ್ಟಿತೋ ಏನೋ, ಇಷ್ಟು ಎತ್ತರದಲ್ಲಿ ಕೆರೆ ಹೇಗಾಯಿತು, ಐದು ನಿಮಿಷದಲ್ಲಿ ಹೇಳಿರಿ ಎಂದಳು.

ಐದು ನಿಮಿಷ ಎಂದರೆ ಐದೇ ನಿಮಿಷ ಎಂದು ಶುರುಮಾಡಿದೆ. ಕೊಳವೆ, ಲಾವಾ, ಕುಸಿತ, ಮಳೆ ನೀರು, ಎಲ್ಲ ಒಂದರ ಹಿಂದೆ ಒಂದು ತಾವಾಗಿ ಬಂದವು. ಅಲ್ಲಿಗೆ ಬಂದಿದ್ದ ಬೇರೆ ಯಾತ್ರಿಕರು ಕೆಲವರು ನಿಂತು ಕೇಳಿದರು, ಅವರಿಗೆ ಕನ್ನಡ ಬಾರದಿದ್ದರೂ ನನ್ನ ಕೈಗಳ ಭಾಷೆ ತಿಳಿಯುತ್ತಿತ್ತು. ಇಂಥ ಪಾಠ ನಾನು ಹೇಳಿದ್ದೇ ಇಲ್ಲ. ಮುಗಿಸಿ ಗಡಿಯಾರ ನೋಡಿದರೆ ನಲವತ್ತೈದು ನಿಮಿಷ, ಸರಿಯಾಗಿ ಒಂದು ಪಿರಿಯಡ್. ತಿರುಗಿ ನೋಡಿದೆ, ಶಾಂತಮ್ಮ ಪಕ್ಕದಲ್ಲಿರಲಿಲ್ಲ. ದೂರದಲ್ಲಿ ನೀರಿನ ಮೆಟ್ಟಿಲ ಮೇಲೆ ಯಾರೋ ಇಬ್ಬರು ಹೆಂಗಸರ ಜೊತೆ ಕೂತು, ಮೀನುಗಳಿಗೆ ನಮ್ಮ ಓಣಿಯ ರೊಟ್ಟಿ ಮುರಿದು ಹಾಕುತ್ತ ನಗುತ್ತಿದ್ದಳು. ಕೂಗಿ ಕರೆಯಲು ಕೈ ಎತ್ತಿದೆ, ಕೈ ಭಾರವಾಗಿತ್ತು. ಚೀಲ ನನ್ನ ಹೆಗಲಿಗಿತ್ತು. ಅದನ್ನು ಅವಳು ಯಾವ ಹೊತ್ತಿನಲ್ಲಿ ಹಾಕಿ ಹೋದಳೋ ನನಗೆ ಗೊತ್ತೇ ಆಗಿರಲಿಲ್ಲ.